ಮೊದಲು ದ್ರವ, ಆಮೇಲೆ ತೊಟ್ಟಿ: ಮನೆಯ ಶೆಡ್ಡಿನಲ್ಲಿ ಬಿಡಿಭಾಗ ತೊಳೆಯಲು ಯಾವುದು ಸರಿ?

ಜಮಖಂಡಿಯ ಗೆಳೆಯನೊಬ್ಬ ಅಪ್ಪನ ಕಾಲದ ಡೀಸೆಲ್ ಪಂಪ್‌ಸೆಟ್ ಬಿಚ್ಚಿ ಅಂಗಳದ ತುಂಬ ಹರಡಿಕೊಂಡು ನನಗೆ ಫೋನ್ ಮಾಡಿದ. "ಅಲ್ಟ್ರಾಸಾನಿಕ್ ಮಶೀನ್ ತಗೊಳ್ಳಲೋ, ಡ್ರಮ್ಮಿನ ಮ್ಯಾಲೆ ಸಿಂಕ್ ಇರ್ತೈತಲ್ಲ ಅದನ್ನ ತಗೊಳ್ಳಲೋ, ಇಲ್ಲಾ ಚಿಮಣಿ ಎಣ್ಣಿ, ಪರಾತ ಸಾಕೋ?" ಇದೇ ಪ್ರಶ್ನೆ ವಿಜಯಪುರದಲ್ಲಿ ಹಳೇ ಬೈಕಿನ ಹುಚ್ಚು ಹಿಡಿದಿರುವ ನನ್ನ ಅಳಿಯನದ್ದೂ ಹೌದು. ವಡಗಾವಿಯಲ್ಲಿ ನಾಲ್ಕು ಪವರ್‌ಲೂಮ್ ಇಟ್ಟುಕೊಂಡು ರಿಪೇರಿಯನ್ನೂ ತಾವೇ ಮಾಡುವ ಪರಿಚಯದವರೂ ಇದನ್ನೇ ಕೇಳಿದರು. ಮೂವರೂ ಪೆಟ್ಟಿಗೆಯ ಬಗ್ಗೆ ಕೇಳಿದರೇ ಹೊರತು ಅದರೊಳಗೆ ಏನು ಸುರಿಯುತ್ತೇನೆ ಅಂತ ಯಾರೂ ಹೇಳಲಿಲ್ಲ. ನಾನು ಜಮಖಂಡಿಯವನಿಗೆ ಹೇಳಿದ್ದು ಇಷ್ಟು: "ಯಾವುದರಿಂದ ತೊಳೀತಿ ಮೊದಲ ಹೇಳು, ಯಾವುದರೊಳಗ ತೊಳೀತಿ ಆಮ್ಯಾಲೆ ನೋಡೂಣು."

ಬೆಳಗಾವಿಯ ಉದ್ಯಮಬಾಗದ ಮಶೀನ್ ಶಾಪುಗಳಲ್ಲಿ ಕೆಲಸ ಮಾಡಿ ಈಗ ಅನಗೋಳದ ಮನೆಯ ಹಿಂದೆ ತಗಡಿನ ಶೆಡ್ಡಿನಲ್ಲಿ ಒಂದು ಹಳೇ ಲೇಥು, ಕಂಪ್ರೆಸರ್, ವೆಲ್ಡಿಂಗ್ ಸೆಟ್ ಇಟ್ಟುಕೊಂಡಿರುವವನು ನಾನು. ತಪ್ಪುಗಳನ್ನೆಲ್ಲ ಸ್ವಂತ ಖರ್ಚಿನಲ್ಲೇ ಮಾಡಿ ಮುಗಿಸಿದ್ದೇನೆ.

ಅಂಗಡಿಗೆ ಹೋಗುವ ಮೊದಲು ಕೇಳಿಕೊಳ್ಳಬೇಕಾದ್ದು

ಹೊಲಸು ಎಂಥದ್ದು ಅನ್ನುವುದು ಮೊದಲ ಪ್ರಶ್ನೆ. ಹಸಿ ಆಯಿಲ್, ಗ್ರೀಸು, ಅದರ ಮೇಲೆ ಕೂತ ಕರಿಮಣ್ಣು, ಇವೆಲ್ಲ ಯಾವ ಎಣ್ಣೆಯಲ್ಲಿ ಅದ್ದಿದರೂ ಬಿಡುತ್ತವೆ. ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಒಣಗಿ ಕೂತ ಹಳದಿ ವಾರ್ನಿಶ್ ಬಿಡುವುದಿಲ್ಲ. ಪಿಸ್ಟನ್ ತಲೆಯ ಮೇಲೆ ಸುಟ್ಟು ಗಟ್ಟಿಯಾದ ಕಾರ್ಬನ್ ಅಂತೂ ಸೀಮೆಎಣ್ಣೆಯಲ್ಲಿ ವಾರ ನೆನೆಸಿದರೂ ಜಗ್ಗುವುದಿಲ್ಲ. ಜಂಗು ಹಿಡಿದದ್ದನ್ನು ಈ ಲೆಕ್ಕಕ್ಕೇ ಸೇರಿಸಬೇಡಿ. ಅದು ಜಿಡ್ಡಲ್ಲ, ಅದಕ್ಕೆ ಸಿಟ್ರಿಕ್ ಆಸಿಡ್ಡೋ ವೈರ್ ಬ್ರಶ್ಶೋ ಬೇಕು. ಅದೂ ಜಿಡ್ಡು ತೆಗೆದ ಮೇಲೆ.

ಎರಡನೆಯದು, ತೊಳೆಯುವ ವಸ್ತು ಯಾವುದರದ್ದು? ಬೀಡು (ಎರಕದ ಕಬ್ಬಿಣ) ಮತ್ತು ಉಕ್ಕು ಎಲ್ಲವನ್ನೂ ತಡೆಯುತ್ತವೆ, ಆದರೆ ನೀರು ತಾಗಿದರೆ ಜಂಗು. ಅಲ್ಯೂಮಿನಿಯಂಗೆ ಖಾರದ ಕ್ಷಾರ ಆಗುವುದಿಲ್ಲ. ರಬ್ಬರಿನ ವಿಷಯ ಇನ್ನೂ ಸೂಕ್ಷ್ಮ, ಅದಕ್ಕೆ ಮುಂದೆ ಬರುತ್ತೇನೆ.

ಮೂರನೆಯದನ್ನು ಜನ ಮರೆಯುತ್ತಾರೆ: ನಿಮ್ಮ ಶೆಡ್ಡಿನಲ್ಲಿ ಕಿಡಿ ಎಲ್ಲಿದೆ? ಗ್ರೈಂಡರ್, ವೆಲ್ಡಿಂಗ್, ಪಕ್ಕದ ಬಚ್ಚಲಿನ ಗ್ಯಾಸ್ ಗೀಸರ್, ಮೂಲೆಯಲ್ಲಿ ಹಚ್ಚಿದ ಊದಿನಕಡ್ಡಿ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ದ್ರವದ ಮೇಲೆ ಕಿಡಿ ತಾಗಿದರೆ ಹತ್ತಿಕೊಳ್ಳುವಷ್ಟು ಆವಿ ಏಳುವ ಕನಿಷ್ಠ ಉಷ್ಣತೆಗೆ ಫ್ಲ್ಯಾಶ್ ಪಾಯಿಂಟ್ ಅನ್ನುತ್ತಾರೆ. ಪೆಟ್ರೋಲಿನದು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ. ಸೀಮೆಎಣ್ಣೆಗೆ ನಮ್ಮ ದೇಶದ ಮಾನಕ ಕೇಳುವುದು ಕನಿಷ್ಠ 35 ಡಿಗ್ರಿ ಸೆಲ್ಸಿಯಸ್. ಈಗ ಯೋಚಿಸಿ: ಜುಲೈ ತಿಂಗಳ ಬೆಳಗಾವಿಯಲ್ಲಿ, ಹೊರಗೆ ಜಿಟಿಜಿಟಿ ಮಳೆ ಹಿಡಿದಿರುವಾಗ, ಪರಾತದಲ್ಲಿರುವ ಸೀಮೆಎಣ್ಣೆ ತಣ್ಣಗೆ ಕೂತಿರುತ್ತದೆ. ಅದೇ ಪರಾತ ಮೇ ತಿಂಗಳ ವಿಜಯಪುರದಲ್ಲಿ, ಹೊರಗೇ 40 ದಾಟಿರುವಾಗ, ತಗಡಿನ ಕೆಳಗೆ ಇದ್ದರೆ ಅದು ಬೇರೆಯೇ ಪ್ರಾಣಿ. ಬೆಳಗಾವಿಯವನ ಮಾತು ಕೇಳಿ ವಿಜಯಪುರದವನು ಕಣ್ಣುಮುಚ್ಚಿ ನಡೆಯಬಾರದು ಅನ್ನುವುದಕ್ಕೆ ಇಷ್ಟು ಸಾಕು.

ನಾಲ್ಕು: ತೊಳೆದದ್ದು ಹೇಗೆ ಒಣಗುತ್ತದೆ, ಒಣಗಿದ ಮೇಲೆ ಏನು ಮಾಡುತ್ತೀರಿ. ಬಣ್ಣ ಹಚ್ಚುವುದಿದ್ದರೆ ಮೇಲೆ ಎಣ್ಣೆಯ ಪದರು ಉಳಿಯಬಾರದು. ಕಪಾಟಿನಲ್ಲಿ ಇಡುವುದಿದ್ದರೆ ಅದೇ ಪದರು ಬೇಕು.

ಐದು: ಕೊಳಕಾದ ದ್ರವ ಎಲ್ಲಿ ಹೋಗುತ್ತದೆ? ನಮ್ಮ ಕಡೆಯ ಗಟಾರಿನ ನೀರು ಕೊನೆಗೆ ಬಳ್ಳಾರಿ ನಾಲೆ ಸೇರುತ್ತದೆ. ಆ ನಾಲೆ ಶಹಾಪುರ, ವಡಗಾವಿ, ಯಳ್ಳೂರಿನ ಭತ್ತದ ಗದ್ದೆಗಳ ಮಗ್ಗುಲಲ್ಲೇ ಹರಿಯುವುದು, ಮಳೆಗಾಲದಲ್ಲಿ ಉಕ್ಕಿ ಗದ್ದೆಯೊಳಗೇ ನುಗ್ಗುವುದು. ಅದಕ್ಕೇ, ಎಷ್ಟು ದ್ರವ ಕೊಂಡೆ ಅನ್ನುವಾಗಲೇ ಅಷ್ಟನ್ನೂ ಮುಂದೊಂದು ದಿನ ವಿಲೇವಾರಿ ಮಾಡಬೇಕು ಅನ್ನುವುದು ತಲೆಯಲ್ಲಿರಲಿ. 50 ಲೀಟರ್ ತೊಟ್ಟಿ ಕೊಂಡವನು 50 ಲೀಟರ್ ಹೊಲಸನ್ನೂ ಕೊಂಡಂತೆ.

ದುಡ್ಡು, ಜಾಗ, ವಾರಕ್ಕೆ ಎಷ್ಟು ಸಲ ತೊಳೆಯುತ್ತೀರಿ ಅನ್ನುವುದು ನಿಮಗೇ ಗೊತ್ತು.

ದ್ರವಗಳ ಸರದಿ

ಪೆಟ್ರೋಲು ಬೇಡ. "ನಮ್ಮ ಗ್ಯಾರೇಜಿನ್ಯಾಗ ಮೂವತ್ತು ವರ್ಷದಿಂದ ಪೆಟ್ರೋಲನ್ಯಾಗ ತೊಳೀತಾರ" ಅನ್ನುವವರು ಸಿಗುತ್ತಾರೆ. ಅವರ ಅದೃಷ್ಟಕ್ಕೆ ನಮಸ್ಕಾರ. ಅದರ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿದು ಹೋಗಿ ದೂರದ ಗೀಸರಿನ ಬೆಂಕಿಯನ್ನು ಕರೆದುಕೊಂಡು ಬರುತ್ತದೆ. ಬೆಂಜೀನ್ ಬೇರೆ ಇರುತ್ತದೆ, ಚರ್ಮದಿಂದಲೂ ಒಳಹೋಗುವಂಥದ್ದು. ಪೇಂಟಿನ ಎನ್‌ಸಿ ಥಿನ್ನರಿಗೂ ಬೆಂಕಿಯ ವಿಷಯದಲ್ಲಿ ಇದೇ ಮಾತು. ವಾರ್ನಿಶ್ ಕರಗಿಸುವುದರಲ್ಲಿ ಅದಕ್ಕೆ ಸಾಟಿ ಇಲ್ಲ, ನಿಜ. ಆದರೆ ನೈಟ್ರೈಲ್ ರಬ್ಬರಿನ ಕೈಗವಸನ್ನೂ ತಿನ್ನುತ್ತದೆ, ಸೋರದಂತೆ ಹಾಕುವ ರಬ್ಬರ್ ಬಳೆ ಓ-ರಿಂಗನ್ನೂ ಉಬ್ಬಿಸುತ್ತದೆ. ಬಟ್ಟೆಗೆ ನಾಲ್ಕು ಹನಿ ಹಾಕಿ ಹೊರಗೆ ಕೂತು ಒರೆಸಿ, ಅಷ್ಟೇ. ತೊಟ್ಟಿಗೆ ತುಂಬುವ ವಸ್ತುವಲ್ಲ.

ಚಿಮಣಿ ಎಣ್ಣೆ ಮತ್ತು ಡೀಸೆಲ್ ಅಣ್ಣತಮ್ಮ ಇದ್ದಂತೆ. ಜಿಡ್ಡು ಬಿಡಿಸುವುದರಲ್ಲಿ ಸೀಮೆಎಣ್ಣೆ ಒಂದು ಕೈ ಮೇಲು, ಒಣಗುವುದರಲ್ಲೂ ಮೇಲು. ಡೀಸೆಲ್ ಯಾವ ಬಂಕಿನಲ್ಲಾದರೂ ಸಿಗುತ್ತದೆ, ಆದರೆ ಒಣಗುವುದೇ ಇಲ್ಲ, ಅದರ ವಾಸನೆ ನಿಮ್ಮ ಜೊತೆ ಊಟಕ್ಕೂ ಕೂರುತ್ತದೆ. ಎರಡೂ ಮೇಲೆ ತೆಳು ಎಣ್ಣೆ ಉಳಿಸುತ್ತವೆ. ನಮ್ಮ ಮಳೆಗಾಲದಲ್ಲಿ ಅದು ವರ. ತೊಳೆದ ಗೇರು ನಾಲ್ಕು ದಿನ ಬೆಂಚಿನ ಮೇಲಿದ್ದರೂ ಕೆಂಪಾಗುವುದಿಲ್ಲ. ಒಂದು ಮಾತು: ರೇಷನ್ನಿನ ನೀಲಿ ಎಣ್ಣೆ ಅಡುಗೆಗೆ ಮತ್ತು ದೀಪಕ್ಕೆ ಮಾತ್ರ, ಬೇರೆ ಕೆಲಸಕ್ಕೆ ಬಳಸುವುದನ್ನು 1993ರ ಆದೇಶ ತಡೆಯುತ್ತದೆ. ಬಿಳಿ ಎಣ್ಣೆಯನ್ನೇ ಕೊಳ್ಳಿ.

ಸೀಮೆಎಣ್ಣೆಯನ್ನು ಕಂಪ್ರೆಸರ್ ಗನ್ನಿಗೆ ಹಾಕಿ ಹೊಡೆಯುವುದು ನಮ್ಮ ಸರ್ವಿಸಿಂಗ್ ಅಂಗಡಿಗಳ ಹಳೇ ಚಾಳಿ. ಒಂದೇ ನಿಮಿಷದಲ್ಲಿ ಎಂಜಿನ್ ಫಳಫಳ. ಆದರೆ ಮಂಜಾದ ಎಣ್ಣೆಗೆ ಫ್ಲ್ಯಾಶ್ ಪಾಯಿಂಟಿನ ರಕ್ಷಣೆ ಇಲ್ಲ. ತಣ್ಣಗಿರುವಾಗಲೂ ಹತ್ತಿಕೊಳ್ಳುತ್ತದೆ, ಜೊತೆಗೆ ಪುಪ್ಪುಸಕ್ಕೂ ಹೋಗುತ್ತದೆ. ಮನೆಯಲ್ಲಿ ಬೇಡ.

ಎಂಟಿಓ, ಅಂದರೆ ಪೇಂಟಿನ ಅಂಗಡಿಯವರು ಟರ್ಪಂಟೈನ್ ಅಂತ ಕೊಡುವ ಮಿನರಲ್ ಟರ್ಪಂಟೈನ್, ಸೀಮೆಎಣ್ಣೆಗಿಂತ ಚೊಕ್ಕವಾಗಿ ಒಣಗುತ್ತದೆ. ಬೇರಿಂಗ್ ತೊಳೆದು ಹೊಸ ಗ್ರೀಸ್ ತುಂಬುವುದಿದ್ದರೆ, ಅಥವಾ ಮುಂದೆ ಬಣ್ಣದ ಕೆಲಸ ಇದ್ದರೆ, ನನ್ನ ಆಯ್ಕೆ ಇದೇ. ಫ್ಲ್ಯಾಶ್ ಪಾಯಿಂಟ್ ಮಾತ್ರ 30ರ ಆಸುಪಾಸು, ಸೀಮೆಎಣ್ಣೆಗಿಂತ ಕೆಳಗೆ. ಚೊಕ್ಕವಾಗಿ ಒಣಗುತ್ತದೆ ಅಂದರೆ ಬೇಗ ಆವಿಯಾಗುತ್ತದೆ ಅಂತಲೇ ಅರ್ಥ, ಎರಡು ಗುಣವನ್ನೂ ಒಟ್ಟಿಗೇ ಕೊಳ್ಳಬೇಕು.

ಈ ಜಗಳ ಬೇಡ ಅನ್ನುವವರಿಗೆ ಆರೋಮ್ಯಾಟಿಕ್ ಅಂಶ (ಬೆಂಜೀನ್ ಜಾತಿಯದು) ತೆಗೆದ, ವಾಸನೆ ಕಡಿಮೆಯ ಸಾಲ್ವೆಂಟುಗಳಿವೆ. ಕೈಗಾರಿಕಾ ಕೆಮಿಕಲ್ ಮಾರುವವರ ಬಳಿ ಡಿ-60, ಡಿ-80 ಅಂತ ಕೇಳಿದರೆ ತಿಳಿಯುತ್ತದೆ. ಫ್ಲ್ಯಾಶ್ ಪಾಯಿಂಟ್ 60ಕ್ಕೂ ಮೇಲೆ. ವಿಜಯಪುರದ ಬೇಸಿಗೆಗೂ ಅಂಜದು. ಬೆಲೆ ಜಾಸ್ತಿ, ಲೀಟರ್ ಲೆಕ್ಕದಲ್ಲಿ ಚಿಲ್ಲರೆ ಸಿಗುವುದು ಕಷ್ಟ, ಒಣಗುವುದೂ ನಿಧಾನ. ಆದರೆ ಮನೆಗೆ ಅಂಟಿದ ಶೆಡ್ಡಿನಲ್ಲಿ ಎಣ್ಣೆಯಲ್ಲೇ ತೊಳೆಯಬೇಕು ಅಂದರೆ ನಾನು ದುಡ್ಡು ಹಾಕುವುದು ಇದಕ್ಕೇ. ಇಬ್ಬರು ಮೂವರು ಗೆಳೆಯರು ಸೇರಿ ಒಂದು ಕ್ಯಾನ್ ತಂದು ಹಂಚಿಕೊಂಡರೆ ಭಾರವಾಗುವುದಿಲ್ಲ.

ನೀರಿನಲ್ಲಿ ಬೆರೆಸುವ ಡಿಗ್ರೀಸರುಗಳದ್ದು, ಅಂದರೆ ಜಿಡ್ಡು ಬಿಡಿಸುವ ಸೋಪಿನಂಥ ದ್ರವಗಳದ್ದು, ಬೇರೆ ಜಾತಿ. ಬೆಂಕಿಯ ಭಯ ಇಲ್ಲವೇ ಇಲ್ಲ. ಆದರೆ ತಣ್ಣೀರಲ್ಲಿ ಹಾಕಿ "ಏನೂ ಆಗವಲ್ದು" ಅಂತ ಬೈಯುವವರನ್ನು ಬಹಳ ನೋಡಿದ್ದೇನೆ. 50-60 ಡಿಗ್ರಿ ಬಿಸಿ ಇದ್ದರೆ ಅದರ ಕೈ ಚೆನ್ನಾಗಿ ನಡೆಯುತ್ತದೆ. ಇದರ ನಿಜವಾದ ಬೆಲೆ ತೊಳೆದ ಮೇಲೆ ಕೊಡಬೇಕು. ಬೀಡಿನ ಸಿಲಿಂಡರನ್ನು ಜಿಡ್ಡಿಲ್ಲದಂತೆ ತೊಳೆದು ಚಹಾ ಕುಡಿದು ಬರುವುದರೊಳಗೆ ಬೋರಿನ ಒಳಗೆ ಕುಂಕುಮ ಉದುರಿಸಿದಂತೆ ಜಂಗು ಬಂದಿರುತ್ತದೆ. ಉಪಾಯ: ಕೊನೆಯ ಜಾಲಾಡುವ ನೀರು ಕುದಿಯುವಷ್ಟು ಬಿಸಿ ಇರಲಿ. ಲೋಹ ತನ್ನ ಕಾವಿಗೇ ಒಣಗುತ್ತದೆ. ಬಿಸಿ ಆರುವ ಮೊದಲೇ ತೆಳು ಆಯಿಲ್ ಒರೆಸಿ. ಬಾಗಲಕೋಟೆ, ವಿಜಯಪುರದ ಕೊಳವೆಬಾವಿಯ ಗಡಸು ನೀರಿದ್ದರೆ ಸೋಪು ನೊರೆ ಕಟ್ಟದೆ ಬಿಳಿ ಕಲೆ ಕೂರುತ್ತದೆ. ಜಾಲಾಡಲು ಮಳೆನೀರೋ ಆರ್‌ಓ ನೀರೋ ಇಟ್ಟುಕೊಳ್ಳಿ. ಆರ್‌ಓ ಯಂತ್ರ ಹೊರಗೆ ಬಿಡುವ ನೀರಲ್ಲ, ಅದು ಇನ್ನೂ ಗಡಸು.

ಕಾಸ್ಟಿಕ್ ಸೋಡಾ ಬಗ್ಗೆ ಒಂದು ಕಥೆ. ಹಳೇ ಬೈಕೊಂದರ ಕಾರ್ಬ್ಯುರೇಟರನ್ನು ಬೇಗ ಬೆಳ್ಳಗಾಗಲಿ ಅಂತ ಕಾಸ್ಟಿಕ್ ನೀರಿನಲ್ಲಿ ಬಿಟ್ಟು ಊಟಕ್ಕೆ ಹೋದೆ. ಬಂದಾಗ ಡಬ್ಬಿ ಸೋಡಾ ಬಾಟಲಿಯಂತೆ ಗುಳುಗುಳು ಅನ್ನುತ್ತಿತ್ತು. ಹೊರತೆಗೆದರೆ ಕರ್ರಗೆ, ಮೈಮೇಲೆ ಸಿಡುಬಿನ ಗುಳಿ. ಪೈಲಟ್ ಸ್ಕ್ರೂ ಕೂರುವ ಜಾಗದ ಥ್ರೆಡ್ಡೇ ಇರಲಿಲ್ಲ. ಅಲ್ಯೂಮಿನಿಯಂ, ಸತು ಎರಡನ್ನೂ ಕಾಸ್ಟಿಕ್ ತಿನ್ನುತ್ತದೆ, ತಿನ್ನುವಾಗ ಹೈಡ್ರೋಜನ್ ಬಿಡುತ್ತದೆ. ನಾನು ನೋಡಿದ ಗುಳ್ಳೆಗಳು ಅವೇ. ಪಕ್ಕದಲ್ಲಿ ಯಾರೂ ಬೀಡಿ ಹಚ್ಚಲಿಲ್ಲ, ಬದುಕಿದೆ. ಬೀಡು, ಉಕ್ಕಿನ ಮೇಲಿನ ಹಳೇ ಬಣ್ಣ ತೆಗೆಯಲು ಕಾಸ್ಟಿಕ್ ಒಳ್ಳೆಯದು. ಕಣ್ಣಿಗೆ ಗಾಗಲ್, ಕೈಗೆ ಉದ್ದ ಗವಸು ಇರಲಿ, ನೀರಿಗೆ ಸೋಡಾ ಹಾಕಿ, ಸೋಡಾಕ್ಕೆ ನೀರು ಸುರಿಯಬೇಡಿ.

ಟ್ರೈಕ್ಲೋರೋಇಥಿಲೀನ್ ಮುಂತಾದ ಕ್ಲೋರಿನ್ ಸಾಲ್ವೆಂಟುಗಳು ಹತ್ತಿಕೊಳ್ಳುವುದಿಲ್ಲ ಅಂತ ಕೆಲವರು ಹೊಗಳುತ್ತಾರೆ. ಅದು ಮನುಷ್ಯರಿಗೆ ಕ್ಯಾನ್ಸರ್ ತರುವಂಥದ್ದು ಅಂತ ಪಟ್ಟಿ ಮಾಡಲಾಗಿದೆ. ಇದರಲ್ಲಿ ತೊಳೆದ ಭಾಗ ಪೂರ್ತಿ ಒಣಗುವ ಮೊದಲೇ ವೆಲ್ಡ್ ಮಾಡಿದರೆ ಫಾಸ್ಜೀನ್ ಎಂಬ ವಿಷಾನಿಲ ಬರಬಹುದು. ಬ್ರೇಕ್ ಕ್ಲೀನರ್ ಸ್ಪ್ರೇ ಡಬ್ಬಿಯ ಮೇಲೂ ಕ್ಲೋರೋ ಎಂಬ ಅಕ್ಷರ ಇದೆಯೇ ನೋಡಿಕೊಳ್ಳಿ.

ಈಗ ರಬ್ಬರು. ಎಂಜಿನ್ನಿನ ಕಪ್ಪು ಓ-ರಿಂಗುಗಳು ಸಾಮಾನ್ಯವಾಗಿ ನೈಟ್ರೈಲ್, ಸೀಮೆಎಣ್ಣೆಗೆ ಬಗ್ಗುವುದಿಲ್ಲ. ಬ್ರೇಕ್ ಸಿಲಿಂಡರಿನೊಳಗಿನ ರಬ್ಬರು ಬೇರೆ ಜಾತಿ, ಬ್ರೇಕ್ ಫ್ಲೂಯಿಡ್ಡಿಗೆ ಹೊಂದುವಂತೆ ಮಾಡಿದ್ದು. ಸೀಮೆಎಣ್ಣೆ, ಡೀಸೆಲ್, ಗ್ರೀಸು ಯಾವುದು ತಾಗಿದರೂ ಉಬ್ಬುತ್ತದೆ. ಒಮ್ಮೆ ಸೋದರಮಾವನ ಹಳೇ ಕಾರಿನ ಮಾಸ್ಟರ್ ಸಿಲಿಂಡರನ್ನು ಬಹಳ ಶ್ರದ್ಧೆಯಿಂದ ಸೀಮೆಎಣ್ಣೆಯಲ್ಲಿ ತೊಳೆದುಕೊಟ್ಟಿದ್ದೆ. ಚೋರ್ಲಾ ಘಾಟಿನ ಅರ್ಧದಲ್ಲಿ ಬ್ರೇಕು ಹಿಡಿದದ್ದು ಬಿಡಲಿಲ್ಲ. ಬಿಡದೆ ಇದ್ದದ್ದೇ ಪುಣ್ಯ, ಹಿಡಿಯದೆ ಇದ್ದಿದ್ದರೆ? ಬ್ರೇಕಿನ ಭಾಗಗಳಿಗೆ ಹೊಸ ಬ್ರೇಕ್ ಫ್ಲೂಯಿಡ್ ಅಥವಾ ಐಸೋಪ್ರೊಪೈಲ್ ಆಲ್ಕೋಹಾಲ್, ಮೂರನೆಯದಿಲ್ಲ.

ಇನ್ನು ತೊಟ್ಟಿಗಳು

ಪರಾತ, ಬ್ರಶ್ಶು, ಮುಚ್ಚಳ ಇರುವ ಡಬ್ಬಿ. ಇದನ್ನು ಬಡವರ ದಾರಿ ಅಂತ ತಿಳಿಯಬೇಡಿ. ಎರಡು ಸ್ಟೀಲ್ ಪರಾತ ಇಟ್ಟುಕೊಂಡು, ಮೊದಲನೆಯದರಲ್ಲಿ ಹಳೇ ಎಣ್ಣೆಯಿಂದ ಒರಟು ತೊಳೆತ, ಎರಡನೆಯದರಲ್ಲಿ ಹೊಸ ಎಣ್ಣೆಯಿಂದ ಜಾಲಾಟ ಮಾಡಿದರೆ ಎರಡು ಲೀಟರಿನಲ್ಲಿ ಇಡೀ ಗೇರ್‌ಬಾಕ್ಸ್ ಮುಗಿಯುತ್ತದೆ. ಪ್ಲಾಸ್ಟಿಕ್ ಬೇಡ, ಮೆತ್ತಗಾಗುತ್ತದೆ. ಕೆಲಸ ಮುಗಿದ ಕೂಡಲೇ ಎಣ್ಣೆಯನ್ನು ಬಿಗಿ ಮುಚ್ಚಳದ ಕ್ಯಾನಿಗೆ ಸುರಿಯುವ ಶಿಸ್ತು ಇದ್ದರೆ ತಿಂಗಳಿಗೊಮ್ಮೆ ಕೆಲಸ ಮಾಡುವವನಿಗೆ ಇದಕ್ಕಿಂತ ಹೆಚ್ಚು ಬೇಕಿಲ್ಲ. ನಡ ನೋಯುತ್ತದೆ ಅನ್ನುವುದು ನಿಜ. ಪರಾತವನ್ನು ಬೆಂಚಿನ ಮೇಲಿಡಿ.

ಡ್ರಮ್ಮಿನ ಮೇಲೆ ಸಿಂಕ್, ಒಳಗೆ ಪಂಪು, ನಳಿಕೆಯ ತುದಿಯಲ್ಲಿ ಬ್ರಶ್ಶು, ಇದು ದೊಡ್ಡ ಗ್ಯಾರೇಜಿನ ಸುಖ. ದ್ರವ ಹರಿಯುತ್ತಲೇ ಇರುತ್ತದೆ, ಹೊಲಸು ತಳಕ್ಕೆ ಕೂರುತ್ತದೆ, ಎರಡೂ ಕೈ ಬಿಡುವು. ಒಳ್ಳೆಯ ಮಾದರಿಗಳ ಮುಚ್ಚಳಕ್ಕೆ ಒಂದು ಕರಗುವ ಕೊಂಡಿ ಇರುತ್ತದೆ. ಒಳಗೆ ಬೆಂಕಿ ಹತ್ತಿ ಸುಮಾರು 70 ಡಿಗ್ರಿ ದಾಟಿದರೆ ಅದು ಕರಗಿ ಮುಚ್ಚಳ ತಾನೇ ಬೀಳುತ್ತದೆ. ಆ ಕೊಂಡಿ ಇಲ್ಲದ ಸಾಲ್ವೆಂಟ್ ವಾಷರನ್ನು ನಾನಂತೂ ಕೊಳ್ಳುವುದಿಲ್ಲ. ಆದರೆ ತುಂಬಲಿಕ್ಕೇ 40-50 ಲೀಟರ್ ಬೇಕು. ಯಂತ್ರದ ಬೆಲೆಗೆ ಹೆದರುವ ಮೊದಲು ಲೀಟರಿನ ಬೆಲೆಯನ್ನು 50ರಿಂದ ಗುಣಿಸಿ ನೋಡಿ.

ಇದನ್ನೇ ಮನೆಯಲ್ಲಿ ಮಾಡುತ್ತೇನೆ ಅಂತ ಹೊರಡುವವರು ಮಾಡುವ ತಪ್ಪು ಒಂದೇ: ಏರ್‌ಕೂಲರಿನ ಪಂಪನ್ನು ಸೀಮೆಎಣ್ಣೆಯೊಳಗೆ ಮುಳುಗಿಸುವುದು. ನಾನೂ ಮಾಡಿದ್ದೆ. ಅದು ನೀರಿಗೆ ಮಾಡಿದ್ದು. ಕೆಲವೇ ವಾರಗಳಲ್ಲಿ ವೈರಿನ ಹೊದಿಕೆ ಕಡ್ಡಿಯಂತೆ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಎಣ್ಣೆಯೊಳಗೆ ಬರಿಗಾಲಿನ ಕರೆಂಟು! ಈಗ ನನ್ನ ವ್ಯವಸ್ಥೆಗೆ ಕರೆಂಟೇ ಇಲ್ಲ: ಮೇಲಿನ ಹಲಗೆಯ ಮೇಲೆ ನಳ ಇರುವ ಐದು ಲೀಟರಿನ ತಗಡಿನ ಡಬ್ಬಿ, ಅದರಿಂದ ಇಳಿಯುವ ಎಣ್ಣೆಗೆ ತಾಳುವ ಪೈಪು, ಕೆಳಗೆ ಹಳೇ ಸ್ಟೀಲ್ ಸಿಂಕು, ಅದರಡಿ ಜರಡಿ ಕೂರಿಸಿದ ಕ್ಯಾನ್. ಕೆಳಗಿನದು ತುಂಬಿದರೆ ರಾತ್ರಿ ಬಿಟ್ಟು, ಬೆಳಗ್ಗೆ ತಿಳಿಯನ್ನಷ್ಟೇ ಮೇಲಕ್ಕೆ ಸುರಿಯುತ್ತೇನೆ. ನೀರಿನ ಡಿಗ್ರೀಸರ್ ಬಳಸುವವರು ಕೂಲರ್ ಪಂಪನ್ನು ಉಗುರುಬೆಚ್ಚಗಿನ ನೀರಿಗೆ ಧೈರ್ಯವಾಗಿ ಹಾಕಬಹುದು, ಅರ್ಥಿಂಗ್ ಸರಿ ಇದ್ದರೆ.

ಅಲ್ಟ್ರಾಸಾನಿಕ್ ಬಗ್ಗೆ ಮೋಹ ಜಾಸ್ತಿ. ಸಾಮಾನ್ಯ ಮಾದರಿಗಳು 40 ಕಿಲೋಹರ್ಟ್ಜ್‌ನಲ್ಲಿ, ಅಂದರೆ ಕಿವಿಗೆ ಕೇಳದ ಶಬ್ದದ ಕಂಪನದಲ್ಲಿ ನಡೆಯುತ್ತವೆ. ದ್ರವದಲ್ಲಿ ಕಣ್ಣಿಗೆ ಕಾಣದ ಗುಳ್ಳೆಗಳು ಹುಟ್ಟಿ ಒಡೆಯುವ ಹೊಡೆತಕ್ಕೆ, ಸೂಜಿ ತೂರದ ಜೆಟ್ಟಿನ ತೂತಿನಿಂದಲೂ ಹೊಲಸು ಹೊರಬರುತ್ತದೆ. ಕಾರ್ಬ್ಯುರೇಟರ್, ಇಂಜೆಕ್ಟರ್, ಹೈಡ್ರಾಲಿಕ್ ವಾಲ್ವಿನ ಸ್ಪೂಲು, ಇಂಥ ಸಣ್ಣ, ಒಳದಾರಿ ಬಹಳ ಇರುವ ವಸ್ತುಗಳಿಗೆ ಇದಕ್ಕೆ ಸಮ ಇನ್ನೊಂದಿಲ್ಲ. ಆದರೆ ಮೂರು ಲೀಟರಿನ ತೊಟ್ಟಿಯ ಒಳಅಳತೆ ಸುಮಾರು 240 × 135 × 100 ಮಿಲಿಮೀಟರ್. ಟೇಪ್ ಹಿಡಿದು ನೋಡಿ, ನಿಮ್ಮ ಸಿಲಿಂಡರ್ ಹೆಡ್ ಅದರಲ್ಲಿ ಮುಳುಗುತ್ತದೆಯೇ? ಕೈಬೆರಳಲ್ಲಿ ಕೆರೆಯುವಷ್ಟು ಗ್ರೀಸ್ ಇರುವ ಭಾಗವನ್ನು ನೇರ ಹಾಕಿದರೆ ಮಶೀನು ಬರೀ ನೀರು ಕಲಕುತ್ತದೆ. ಪರಾತದ ಒರಟು ತೊಳೆತ ಇಲ್ಲಿಯೂ ತಪ್ಪುವುದಿಲ್ಲ. ಇದರೊಳಗೆ ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಎಂದೂ ಸುರಿಯಬೇಡಿ. ಹೀಟರೂ ಕರೆಂಟೂ ತೊಟ್ಟಿಯ ಅಡಿಯಲ್ಲೇ ಇವೆ. ನೀರಿನ ಮೃದು ಡಿಗ್ರೀಸರ್ ಸಾಕು. ಅಲ್ಯೂಮಿನಿಯಂ ಇದ್ದರೆ ಅದಕ್ಕೆ ಹೊಂದುವುದೇ ಅಂತ ಡಬ್ಬಿ ಓದಿ, ಇಲ್ಲವಾದರೆ ಮಂಕಾಗಿ ಕಪ್ಪಾಗುತ್ತದೆ.

ಕೊಳ್ಳುವಾಗ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿಸಿ. ನೀರು ತುಂಬಿ, ಗಾಳಿ ಹೋಗಲು ಐದು ನಿಮಿಷ ಓಡಿಸಿ, ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ತುಂಡನ್ನು ಒಂದು ನಿಮಿಷ ಇಳಿಬಿಡಿ. ತೆಗೆದು ಬೆಳಕಿಗೆ ಹಿಡಿದರೆ ಮೈತುಂಬ ಸೂಜಿ ಚುಚ್ಚಿದಂತೆ ಗುಳಿ, ತೂತು ಇರಬೇಕು. ಒಂದೇ ಮೂಲೆಯಲ್ಲಿದ್ದರೆ ಉಳಿದ ಟ್ರಾನ್ಸ್‌ಡ್ಯೂಸರ್ (ಕಂಪನ ಹುಟ್ಟಿಸುವ ಭಾಗ) ಕೆಲಸ ಮಾಡುತ್ತಿಲ್ಲ. ಏನೂ ಆಗಿಲ್ಲದಿದ್ದರೆ ನೀವು ನೋಡುತ್ತಿರುವುದು ಬಿಸಿನೀರಿನ ಡಬ್ಬಿ.

ಸೂಕ್ಷ್ಮಜೀವಿಗಳು ಜಿಡ್ಡನ್ನು ತಿನ್ನುವ ವಾಷರುಗಳೂ ಇವೆ. ಅವನ್ನು ಹಗಲೂ ರಾತ್ರಿ ಬೆಚ್ಚಗಿಡಬೇಕು. ನಮ್ಮ ಲೋಡ್‌ಶೆಡ್ಡಿಂಗಿಗೆ ಆ ಜೀವಗಳನ್ನು ಒಡ್ಡುವುದು ಪಾಪ.

ಹಾಗಾದರೆ ಯಾರಿಗೆ ಯಾವುದು

ವಿಜಯಪುರದ ಅಳಿಯನಿಗೆ ಹೇಳಿದ್ದು: ಬೈಕು ಒಂದೇ, ಕಾರ್ಬ್ಯುರೇಟರಿನದೇ ತಲೆನೋವು, ಶೆಡ್ಡು ಬೇಸಿಗೆಯಲ್ಲಿ ಒಲೆ. ಮೂರು ಲೀಟರಿನ ಅಲ್ಟ್ರಾಸಾನಿಕ್, ನೀರಿನ ಡಿಗ್ರೀಸರ್, ಜಾಲಾಡಲು ಆರ್‌ಓ ನೀರು. ಒರಟು ತೊಳೆತಕ್ಕೆ ಅರ್ಧ ಲೀಟರ್ ಎಂಟಿಓ, ಅದೂ ಬೆಳಗಿನ ತಂಪಿನಲ್ಲಿ, ಹೊರಗೆ. ದುಡ್ಡು ಇಲ್ಲದಿದ್ದರೆ ಮಶೀನು ಬಿಟ್ಟು ಕಾರ್ಬ್ ಕ್ಲೀನರ್ ಸ್ಪ್ರೇ ಒಂದು ಡಬ್ಬಿ, ಅದೂ ಬಯಲಿನಲ್ಲೇ. ಎರಡು ಸಲ ಮಾಡುವ ಕೆಲಸಕ್ಕೆ ಅದೇ ಸಾಕು.

ವಡಗಾವಿಯ ಮಗ್ಗದವರದು ಬೇರೆ ಸಮಸ್ಯೆ. ಜಿಡ್ಡಿನ ಜೊತೆ ರೇಷ್ಮೆಯ ಧೂಳು ಕೂಡಿ ಕಂಬಳಿಯಂತಾಗಿರುತ್ತದೆ, ವಾರವಾರ ತೊಳೆಯಬೇಕು, ಬಿಡಿಭಾಗಗಳು ಬೀಡಿನವು, ಉದ್ದನೆಯವು. ಅಲ್ಟ್ರಾಸಾನಿಕ್ ಅವರಿಗೆ ಆಟಿಕೆ. ಮಗ್ಗದ ಕೋಣೆಯಿಂದ ದೂರ ನನ್ನಂಥ ನಳದ ಸಿಂಕು, ಅದರಲ್ಲಿ ಡಿ-60. ಮುಂದೆ ಕೆಲಸ ಹೆಚ್ಚಾದರೆ ಡ್ರಮ್ ವಾಷರ್ ಕೊಂಡು ಅದೇ ದ್ರವವನ್ನು ಅದಕ್ಕೆ ಸುರಿಯಬಹುದು, ಏನೂ ಹಾಳಾಗುವುದಿಲ್ಲ.

ಯಾರೇ ಆಗಲಿ, ಇವಿಷ್ಟನ್ನು ದ್ರವದ ಜೊತೆಗೇ ಕೊಳ್ಳಿ: ನೈಟ್ರೈಲ್ ಕೈಗವಸು, ಕನ್ನಡಕ, ಒಂದು ಡಿಸಿಪಿ (ಒಣ ಪುಡಿಯ) ಅಗ್ನಿಶಾಮಕ, ಒರೆಸಿದ ಅರಿವೆಗಳಿಗೆ ಮುಚ್ಚಳದ ಕಬ್ಬಿಣದ ಡಬ್ಬಿ. ತೊಳೆದ ಬೇರಿಂಗನ್ನು ಕಂಪ್ರೆಸರ್ ಗಾಳಿಯಿಂದ ಗಿರ್ರನೆ ತಿರುಗಿಸಬೇಡಿ. ಒಣ ಬೇರಿಂಗು ಕೆಡುತ್ತದೆ, ಒಡೆದು ಗುಂಡು ಹಾರಲೂಬಹುದು. ಬಳಸಿ ಮುಗಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಆಯಿಲ್ ಬದಲಿಸುವ ಗ್ಯಾರೇಜುಗಳಿಗೆ ಅಧಿಕೃತ ಮರುಬಳಕೆದಾರರು ಬರುತ್ತಿರುತ್ತಾರೆ, ಅವರ ಡ್ರಮ್ಮಿಗೆ ನಿಮ್ಮದನ್ನೂ ಸೇರಿಸಲು ಕೇಳಿಕೊಳ್ಳಿ. ಥಿನ್ನರ್ ಬೆರೆಸಿದ್ದನ್ನು ಮಾತ್ರ ಹೇಳದೆ ಕೊಡಬೇಡಿ.

ಜಮಖಂಡಿಯ ಗೆಳೆಯನಿಗೆ ನಾನು ಹೇಳಿದ್ದು ಎರಡು ಪರಾತ, ನಾಲ್ಕು ಲೀಟರ್ ಬಿಳಿ ಸೀಮೆಎಣ್ಣೆ, ಬೇವಿನ ಮರದ ಕೆಳಗೆ ನೆರಳು. ವರ್ಷಕ್ಕೊಮ್ಮೆ ಬಿಚ್ಚುವ ಪಂಪಿಗೆ ಮಶೀನು ಯಾಕೆ? ತೊಳೆದ ಎಣ್ಣೆಯನ್ನು ರಾತ್ರಿ ಬಿಟ್ಟು, ಬೆಳಗ್ಗೆ ತಿಳಿ ಬಸಿದು, ತಳದ ಕೆಸರನ್ನು ಬಿಳಿ ಅರಿವೆಯ ಮೇಲೆ ಹರಡಿ ನೋಡು ಅಂತಲೂ ಹೇಳಿದ್ದೆ. ಮರುದಿನ ಫೋಟೋ ಬಂತು. ಕಪ್ಪು ಕೆಸರಿನ ನಡುವೆ ಹಿತ್ತಾಳೆಯ ಬಣ್ಣದ ಸಣ್ಣ ಸಣ್ಣ ಮಿಣುಕು. ಅವು ಜಿಡ್ಡಲ್ಲ, ಕನೆಕ್ಟಿಂಗ್ ರಾಡಿನ ಸಣ್ಣ ತುದಿಯ ಬುಶ್ಶು ಸವೆದು ಬಂದದ್ದು. ಈಗ ಅವನು ವಾಷರಿನ ಮಾತೇ ಎತ್ತುತ್ತಿಲ್ಲ. "ಬುಶ್ ಬೆಳಗಾವ್ಯಾಗ ತಿರುವಿ ಕೊಡ್ತಿಯೇನು?" ಅಂತ ಕೇಳಿದ್ದಾನೆ, ಅಳತೆ ಕಳಿಸಲು ಹೇಳಿದ್ದೇನೆ.